ಆರ್.ಆರ್. ಮುಗಿದ ಮೇಲೆ ಆ ಸಂಗೀತ ಎಲ್ಲಿಗೆ ಹೋಗುತ್ತದೆ?

ಕನ್ನಡ ಚಿತ್ರ ನಿರ್ಮಾಪಕರಿಗೆ, ಆಡಿಯೋ ಕಂಪನಿಗಳಿಗೆ ಮತ್ತು ಕರ್ನಾಟಕ ಚಲನಚಿತ್ರ ಅಕಾಡೆಮಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ಚಿತ್ರವೊಂದರ ಫೈನಲ್ ಮಿಕ್ಸಿಂಗ್, ಅಂದರೆ ಮಾತು, ಸದ್ದು, ಸಂಗೀತಗಳನ್ನು ಬೆರೆಸುವ ಕೆಲಸ, ನಡೆಯುವ ದಿನಗಳಲ್ಲಿ ಅದರ ಹಿನ್ನೆಲೆ ಸಂಗೀತ ಒಂದು ಹಾರ್ಡ್ ಡಿಸ್ಕಿನಲ್ಲಿ ಪೂರ್ತಿಯಾಗಿ ಇರುತ್ತದೆ. ಕೊಳಲು ಬೇರೆ, ಪಿಟೀಲುಗಳು ಬೇರೆ, ತಾಳವಾದ್ಯ ಬೇರೆ; ಮಾತಿನ ಅಥವಾ ಸದ್ದಿನ ಸೋಂಕು ಎಲ್ಲೂ ಇಲ್ಲ. ಚಿತ್ರ ತೆರೆಗೆ ಬಂದು ಎರಡು ವರ್ಷ ಕಳೆದ ಮೇಲೆ ಅದೇ ಸಂಗೀತ ಬೇಕೆಂದು ಹುಡುಕಿಕೊಂಡು ಹೊರಟರೆ ಸಿಗುವುದೇ ಬೇರೆ. ನಿರ್ಮಾಪಕರ ಹತ್ತಿರ ಸಂಭಾಷಣೆಯೊಂದಿಗೆ ಬೆರೆತ ಪ್ರತಿ ಇರುತ್ತದೆ. ಆಡಿಯೋ ಕಂಪನಿಯ ಹತ್ತಿರ ಐದಾರು ಹಾಡುಗಳಿರುತ್ತವೆ. ಸ್ಟುಡಿಯೋದವರು ಜಾಗ ಸಾಲದೆ ಡಿಸ್ಕನ್ನು ಮುಂದಿನ ಕೆಲಸಕ್ಕೆ ಅಳಿಸಿಕೊಂಡಿರುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಉಳಿಸಿ ಎಂದು ಯಾರೂ ಯಾರಿಗೂ ಹೇಳಿರುವುದಿಲ್ಲ, ಅಷ್ಟೆ. ಅದನ್ನು ಹೇಳಲೆಂದೇ ಈ ಪತ್ರ.

ಹಿನ್ನೆಲೆ ಸಂಗೀತ ಕೂಡಿಸುವ ಕೆಲಸಕ್ಕೆ ನಮ್ಮ ಉದ್ಯಮದಲ್ಲಿ ಹೆಸರು ರೀರೆಕಾರ್ಡಿಂಗ್, ಚಿಕ್ಕದಾಗಿ ಆರ್.ಆರ್. ಈ ಹೆಸರಿನಲ್ಲೇ ತೊಡಕಿದೆ. ಡಬ್ಬಿಂಗ್, ಎಡಿಟಿಂಗ್‌ಗಳ ಸಾಲಿನಲ್ಲಿ ಮುಗಿಸಬೇಕಾದ ಇನ್ನೊಂದು ಹಂತದಂತೆ ಅದು ಕೇಳಿಸುತ್ತದೆ. ಒಬ್ಬರು ಕೂತು ರಚಿಸಿದ ಕೃತಿಯಂತೆ ಕೇಳಿಸುವುದಿಲ್ಲ. ಎರಡೂವರೆ ಗಂಟೆಯ ಚಿತ್ರದಲ್ಲಿ ಹಾಡುಗಳೆಲ್ಲ ಸೇರಿ ಅರ್ಧ ಗಂಟೆ ಆದೀತು. ಅದೇ ಸಂಯೋಜಕರು ಅದೇ ಚಿತ್ರಕ್ಕೆ ಬರೆದ ಹಿನ್ನೆಲೆ ಸಂಗೀತ ಹಲವು ಸಲ ಅದರ ಎರಡು ಪಟ್ಟು. ಅರ್ಧ ಗಂಟೆಯ ಸಂಗೀತಕ್ಕೆ ರೇಡಿಯೋ, ಕ್ಯಾಸೆಟ್, ಸಿ.ಡಿ., ಈಗ ಸ್ಟ್ರೀಮಿಂಗ್ ಎಲ್ಲವೂ ಸಿಕ್ಕಿತು. ಉಳಿದದ್ದು ಪರದೆಯ ಹಿಂದೆಯೇ ಉಳಿಯಿತು.

ಹೀಗೆ ಹಿಂದೆ ಉಳಿದದ್ದು ಸಣ್ಣ ಆಸ್ತಿಯಲ್ಲ. 1970ರ ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥರು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಭಾಸ್ಕರ ಚಂದಾವರ್ಕರ್. ರಂಗಭೂಮಿಯಿಂದ ಬಂದ ಬಿ.ವಿ. ಕಾರಂತರು 1976ರ ‘ಋಷ್ಯಶೃಂಗ’ ಮತ್ತು 1977ರ ‘ಘಟಶ್ರಾದ್ಧ’ ಚಿತ್ರಗಳಿಗೆ ಸತತ ಎರಡು ವರ್ಷ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು. ‘ಘಟಶ್ರಾದ್ಧ’ದ ಸಂಗೀತಕ್ಕೆ ಪ್ರಶಸ್ತಿ ಬಂದದ್ದು ಕ್ಯಾಸೆಟ್ಟಿನಲ್ಲಿ ಮಾರಾಟವಾಗಬಲ್ಲ ಹಾಡುಗಳಿಗಾಗಿ ಅಲ್ಲ ಎಂಬುದನ್ನು ಗಮನಿಸಬೇಕು. ಜನಪ್ರಿಯ ಚಿತ್ರಗಳ ಕಡೆ ಬಂದರೆ 1968ರ ‘ಜೇಡರ ಬಲೆ’ಯಲ್ಲಿ ಪತ್ತೇದಾರಿ ಚಿತ್ರಕ್ಕೆ ತಕ್ಕ ಧ್ವನಿಯನ್ನು ಕಟ್ಟಿದ ಜಿ.ಕೆ. ವೆಂಕಟೇಶರೇ 1977ರ ‘ಸನಾದಿ ಅಪ್ಪಣ್ಣ’ಕ್ಕೂ ಸಂಗೀತ ಕೊಟ್ಟರು, ಅದರಲ್ಲಿ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಇನ್ನು ಬೆಂಗಳೂರಿನಲ್ಲಿ ಚಿತ್ರೀಕರಣವಾದ, ಮಾತೇ ಇಲ್ಲದ 1987ರ ‘ಪುಷ್ಪಕ ವಿಮಾನ’ವನ್ನು ನೆನೆಯಿರಿ. ಸಂಭಾಷಣೆ ಹೊರಬೇಕಾದ ಭಾರದ ದೊಡ್ಡ ಪಾಲನ್ನು ಅಲ್ಲಿ ಎಲ್. ವೈದ್ಯನಾಥನ್ ಅವರ ಸಂಗೀತವೇ ಹೊತ್ತಿದೆ.

ಚಿತ್ರದಿಂದ ಬಿಡಿಸಿದರೆ ಈ ಸಂಗೀತ ನಿಲ್ಲುತ್ತದೆಯೇ ಎಂದು ಕೇಳುವವರಿಗೆ ಅದೇ ವೈದ್ಯನಾಥನ್ ಅವರ ಇನ್ನೊಂದು ಕೆಲಸ ಉತ್ತರ ಕೊಡುತ್ತದೆ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು, ಒಂದು ಕಂತನ್ನೂ ನೋಡದವರು ಕೂಡ ಗುನುಗುತ್ತಾರೆ. 1983ರ ‘ಪಲ್ಲವಿ ಅನುಪಲ್ಲವಿ’ಯಲ್ಲಿ ಇಳಯರಾಜ ಬರೆದ ಧುನ್ ಎರಡು ದಶಕಗಳ ನಂತರ ಒಂದು ಮೊಬೈಲ್ ಕಂಪನಿಯ ಜಾಹೀರಾತಿನ ಮೂಲಕ ದೇಶವೆಲ್ಲ ಸುತ್ತಿತು. ಜಿ.ಕೆ. ವೆಂಕಟೇಶರ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲಿ ದುಡಿದಿದ್ದ ಇಳಯರಾಜ 1986ರಲ್ಲಿ ‘ಹೌ ಟು ನೇಮ್ ಇಟ್’, 1988ರಲ್ಲಿ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನೊಂದಿಗೆ ‘ನಥಿಂಗ್ ಬಟ್ ವಿಂಡ್’ ಎಂಬ ಆಲ್ಬಂಗಳನ್ನು ಯಾವ ಚಿತ್ರದ ಆಸರೆಯೂ ಇಲ್ಲದೆ ತಂದರು. ಹೊರದೇಶಗಳಲ್ಲಿ ಈ ದಾರಿ ಇನ್ನೂ ಹಳೆಯದು. 1938ರ ಚಿತ್ರವೊಂದಕ್ಕೆ ಬರೆದ ಸಂಗೀತವನ್ನು ರಷ್ಯಾದ ಸಂಯೋಜಕ ಪ್ರೊಕೊಫಿಯೆವ್ ಮರುವರ್ಷವೇ ಗಾಯಕವೃಂದದ ಕೃತಿಯಾಗಿ ತಿದ್ದಿ ಕಛೇರಿಗೆ ತಂದರು. ಹಾಲಿವುಡ್ ಚಿತ್ರಗಳಿಗೆ ಬರೆದ ಧುನ್‌ಗಳನ್ನೇ ಹೆಣೆದು ಕೋರ್ನ್‌ಗೋಲ್ಡ್ ಮಾಡಿದ ಪಿಟೀಲು ಕೃತಿಯನ್ನು 1947ರಲ್ಲಿ ಪಿಟೀಲುವಾದಕ ಹೈಫೆಟ್ಜ್ ಮೊದಲು ನುಡಿಸಿದರು. ಪಿಟೀಲುವಾದಕರು ಇವತ್ತಿಗೂ ಅದನ್ನು ಅಭ್ಯಾಸ ಮಾಡುತ್ತಾರೆ.

ಆದರೆ ಇದಕ್ಕೆಲ್ಲ ಮೂಲ ಸಾಮಗ್ರಿ ಕೈಯಲ್ಲಿರಬೇಕು. ಆದ್ದರಿಂದ ನಿರ್ಮಾಪಕರಿಗೆ ಮೊದಲ ಮಾತು. ಮಿಕ್ಸಿಂಗ್ ಮುಗಿದ ಮೇಲೆ ನೀವು ಸಾಮಾನ್ಯವಾಗಿ ಪಡೆಯುವುದು ಪೂರ್ಣ ಮಿಕ್ಸ್ ಮತ್ತು ಬೇರೆ ಭಾಷೆಯ ಡಬ್ಬಿಂಗಿಗೆ ಬೇಕಾದ ‘ಎಂ ಆ್ಯಂಡ್ ಇ’, ಅಂದರೆ ಸಂಭಾಷಣೆ ತೆಗೆದ ಟ್ರ್ಯಾಕ್. ಇದರಲ್ಲಿ ಸಂಗೀತದ ಜತೆ ಹೆಜ್ಜೆ ಸಪ್ಪಳ, ಬಾಗಿಲು, ಮಳೆ ಎಲ್ಲ ಕೂಡಿರುತ್ತದೆ. ಕೆಲವರು ಮ್ಯೂಸಿಕ್ ಸ್ಟೆಮ್ ಅನ್ನೂ ಪಡೆಯುತ್ತಾರೆ, ಸಂಗೀತ ಮಾತ್ರ ಇರುವ ಟ್ರ್ಯಾಕ್. ಇದಿದ್ದರೆ ಸಾಕು ಎಂದುಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು. ಮಿಕ್ಸಿಂಗ್ ಎಂಜಿನಿಯರ್ ಪ್ರತಿ ಸಂಭಾಷಣೆ ಬಂದಾಗಲೂ ಸಂಗೀತವನ್ನು ತಗ್ಗಿಸಿರುತ್ತಾರೆ. ಆ ಏರಿಳಿತ ಸ್ಟೆಮ್ಮಿನಲ್ಲಿ ಅಚ್ಚಾಗಿ ಕೂತಿರುತ್ತದೆ. ಪಾತ್ರ ಬಾಯಿ ತೆರೆದಲ್ಲೆಲ್ಲ ಪಿಟೀಲುಗಳು ಕಾರಣವಿಲ್ಲದೆ ಕುಗ್ಗಿ, ಬಾಯಿ ಮುಚ್ಚಿದಾಗ ಉಬ್ಬುತ್ತವೆ. ಚಿತ್ರದಲ್ಲಿ ಅದು ಸರಿ. ಆದರೆ ಮಾತು ಕಿತ್ತ ಮೇಲೆ ಕೇಳುವವರಿಗೆ ಅಲ್ಲೆಲ್ಲ ಗುಂಡಿಗಳೇ ಕಾಣುತ್ತವೆ. ದೃಶ್ಯ ಕತ್ತರಿಸಿದ ಕಡೆ ಸ್ವರದ ಗುಂಗೂ ಅರ್ಧಕ್ಕೆ ಕಡಿದಿರುತ್ತದೆ.

ಹಾಗಾಗಿ ಉಳಿಸಬೇಕಾದ್ದು ಸಂಯೋಜಕರ ಕೊಠಡಿಯಿಂದ ಮಿಕ್ಸಿಂಗಿಗೆ ಹೊರಡುವ ಪ್ರತಿ. ಪ್ರತಿಯೊಂದು ತುಣುಕನ್ನೂ ಎರಡು ರೂಪದಲ್ಲಿ ಇಡಿ. ಒಂದು, ಸಂಯೋಜಕರು ಒಪ್ಪಿದ ಸ್ಟೀರಿಯೋ ಮಿಕ್ಸ್. ಇನ್ನೊಂದು, ಎಲ್ಲ ವಾದ್ಯಗಳ ಬಿಡಿ ಟ್ರ್ಯಾಕ್‌ಗಳು, ಎಲ್ಲವೂ ಒಂದೇ ಬಿಂದುವಿನಿಂದ ಶುರುವಾಗುವಂತೆ. ಹಾಗೆ ಇಟ್ಟರೆ ಯಾವ ಸಾಫ್ಟ್‌ವೇರಿನಲ್ಲಿ ಎಳೆದು ಹಾಕಿದರೂ ತಾಳ ತಪ್ಪದೆ ಕೂರುತ್ತವೆ. ರೂಪ ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್. ಎಂಪಿ3 ಬೇಡ. ತುಣುಕು ಮುಗಿದ ಮೇಲೂ ಐದಾರು ಸೆಕೆಂಡು ಬಿಟ್ಟು ಕತ್ತರಿಸಿ, ಗುಂಗು ತಾನಾಗಿ ಆರಲಿ. ಸಂಗೀತ ಕಟ್ಟಿದ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್ ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ಹತ್ತು ವರ್ಷದ ನಂತರ ಅದನ್ನು ತೆರೆದಾಗ ಅಂದಿನ ಪ್ಲಗಿನ್ (ಅದಕ್ಕೆ ಜೋಡಿಸಿದ್ದ ಚಿಕ್ಕ ಸಾಫ್ಟ್‌ವೇರ್) ಇರುವುದಿಲ್ಲ, ವಾದ್ಯಗಳ ಮುದ್ರಿತ ಧ್ವನಿಗಳ ಸಂಗ್ರಹವಾದ ಸ್ಯಾಂಪಲ್ ಲೈಬ್ರರಿಯ ಪರವಾನಗಿ ಮುಗಿದಿರುತ್ತದೆ, ಅರ್ಧದಷ್ಟು ಟ್ರ್ಯಾಕ್‌ಗಳು ಮೌನವಾಗಿರುತ್ತವೆ. ಪ್ರಾಜೆಕ್ಟ್ ಫೈಲನ್ನೂ ಇಡಿ, ಆದರೆ ಅದರ ಮೇಲೆ ಭಾರ ಹಾಕಬೇಡಿ.

ಇದಕ್ಕೆಷ್ಟು ಜಾಗ ಬೇಕು? 24 ಬಿಟ್, 48 ಕಿಲೋಹರ್ಟ್ಸಿನ ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂ.ಬಿ. ತೊಂಬತ್ತು ನಿಮಿಷದ ಸಂಗೀತಕ್ಕೆ 40 ಟ್ರ್ಯಾಕ್ ಹಿಡಿದರೂ ಒಟ್ಟು 31 ಜಿ.ಬಿ. ಒಂದು ಇಡೀ ಚಿತ್ರದ ಹಿನ್ನೆಲೆ ಸಂಗೀತ 64 ಜಿ.ಬಿ.ಯ ಪೆನ್ ಡ್ರೈವಿನಲ್ಲಿ ಹಿಡಿಯುತ್ತದೆ. ಪೆನ್ ಡ್ರೈವಿನಲ್ಲಿ ಇಡಿ ಎಂದು ಹೇಳುತ್ತಿಲ್ಲ. ವರ್ಷಗಟ್ಟಲೆ ಇಡುವುದಕ್ಕೆ ಅದು ಯೋಗ್ಯವಲ್ಲ. ಖರ್ಚಿನ ನೆಪಕ್ಕೆ ಇಲ್ಲಿ ಜಾಗವಿಲ್ಲ ಎಂಬುದಷ್ಟೇ ಮಾತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಹಾರ್ಡ್ ಡಿಸ್ಕನ್ನು ವರ್ಷಕ್ಕೊಮ್ಮೆಯಾದರೂ ಓಡಿಸಿ, ಫೈಲುಗಳು ಹಾಳಾಗಿಲ್ಲವೆಂದು ಚೆಕ್‌ಸಮ್ (ಫೈಲಿನ ಗುರುತುಸಂಖ್ಯೆ) ಹೋಲಿಸಿ ನೋಡಬೇಕು. ದತ್ತಾಂಶ ಕಾಪಿಡುವ ಎಲ್‌ಟಿಒ ಟೇಪಿನಲ್ಲಿ ಇಟ್ಟವರು ಒಂದು ವಿಷಯ ನೆನಪಿಡಬೇಕು: ಎಂಟನೆಯ ತಲೆಮಾರಿನ ಡ್ರೈವ್ ಏಳನೆಯ ತಲೆಮಾರಿನ ಟೇಪನ್ನು ಓದುತ್ತದೆ, ಆರನೆಯದನ್ನು ಓದುವುದಿಲ್ಲ. ಟೇಪು ಗಟ್ಟಿಮುಟ್ಟಾಗಿದ್ದೂ ಓದುವ ಯಂತ್ರ ಸಿಗದ ಸ್ಥಿತಿ ಹೀಗೆ ಬರುತ್ತದೆ.

ಫೈಲುಗಳ ಜತೆಗೆ ಕ್ಯೂಶೀಟ್, ಅಂದರೆ ತುಣುಕುಗಳ ಪಟ್ಟಿ, ಇರಲೇಬೇಕು. ಪ್ರತಿ ತುಣುಕಿನ ಸಂಖ್ಯೆ, ಹೆಸರು, ಯಾವ ದೃಶ್ಯ, ಎಷ್ಟು ಸೆಕೆಂಡು, ಸಂಯೋಜಕರು ಯಾರು, ಶೀರ್ಷಿಕೆಗೆ ಬಳಸಿದ್ದೋ ಹಿನ್ನೆಲೆಗೋ, ಶ್ರುತಿ ಯಾವುದು, ಗತಿ ಎಷ್ಟು. ಕೊನೆಯಲ್ಲಿ ನುಡಿಸಿದವರ ಹೆಸರುಗಳು. ಈ ಕೊನೆಯ ಸಾಲನ್ನು ಬಹಳ ಮಂದಿ ಬರೆಯುವುದಿಲ್ಲ. ಕೊಳಲು ನುಡಿಸಿದವರು, ಮೊದಲ ಸಾಲಿನ ಪಿಟೀಲಿನವರು, ಡೊಳ್ಳು-ತಮಟೆಯ ತಂಡದವರು, ಆಲಾಪ ಹಾಡಿದವರು ಕಾಲ್‌ಶೀಟಿನ ಸಂಭಾವನೆ ಪಡೆದು ಹೊರಟರೆ ಅವರ ಹೆಸರು ಎಲ್ಲೂ ಉಳಿಯುವುದಿಲ್ಲ. ಹಳೆಯ ಎಷ್ಟೋ ಚಿತ್ರಗಳಲ್ಲಿ ಮೈ ನವಿರೇಳಿಸುವ ಒಂದು ವೀಣೆಯ ತುಣುಕು ಕೇಳಿ ಇದು ಯಾರ ಬೆರಳು ಎಂದು ಹುಡುಕಿದರೆ ಉತ್ತರವೇ ಇಲ್ಲ. ಆಗಿಹೋದದ್ದನ್ನು ಸರಿಪಡಿಸಲು ಬಾರದು. ಇನ್ನು ಮುಂದಿನದಕ್ಕೆ ಹತ್ತು ನಿಮಿಷದ ಬರವಣಿಗೆ ಸಾಕು.

ಹಳೆಯ ಚಿತ್ರಗಳ ಮಾತು ಹೆಚ್ಚು ಕಷ್ಟದ್ದು. ಕನ್ನಡ ಚಿತ್ರಗಳ ಧ್ವನಿಮುದ್ರಣ ಬಹುಕಾಲ ನಡೆದದ್ದು ಮದರಾಸಿನಲ್ಲಿ; ಉಳಿದ ಸ್ಪೂಲುಗಳು ಯಾರ್ಯಾರದೋ ಗೋದಾಮಿನಲ್ಲಿವೆ. ಕಪಾಟು ತೆರೆದಾಗ ವಿನಿಗರ್‌ನಂಥ ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಪಟ್ಟಿ ಕೊಳೆಯುತ್ತಿರುವ ಗುರುತು. ಆ ಹಬೆ ಪಕ್ಕದ ಒಳ್ಳೆಯ ಸುರುಳಿಗಳನ್ನೂ ಕೆಡಿಸುತ್ತದೆ, ಕೂಡಲೇ ಬೇರ್ಪಡಿಸಿ, ತಂಪಾದ ಒಣ ಜಾಗಕ್ಕೆ ಸಾಗಿಸಿ, ಮೊದಲ ಸರದಿಯಲ್ಲಿ ವರ್ಗಾಯಿಸಬೇಕು. ಎಪ್ಪತ್ತರ ದಶಕದ ನಡುವಿನಿಂದ ಬಂದ ಕೆಲವು ಪಾಲಿಯೆಸ್ಟರ್ ಟೇಪುಗಳದು ಬೇರೆ ಕಾಯಿಲೆ. ಅಂಟು ತೇವ ಹೀರಿ, ಓಡಿಸಿದಾಗ ಕಿರ್ರೆಂದು ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತವೆ. ಇವನ್ನು ಪ್ರಯೋಗಾಲಯದ ಒಲೆಯಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್ ಸಮಶಾಖದಲ್ಲಿ ಹಲವು ಗಂಟೆ ಇಟ್ಟು, ಪೂರ್ತಿ ಆರಿಸಿದ ಮೇಲೆ, ಮತ್ತೆ ಅಂಟಾಗುವ ಮುನ್ನ ವರ್ಗಾಯಿಸುತ್ತಾರೆ. ಅಸಿಟೇಟ್ ಪಟ್ಟಿಗೆ ಈ ಶಾಖ ಕೊಟ್ಟರೆ ಅದು ಸೊಟ್ಟಗಾಗಿ ಹಾಳಾಗುತ್ತದೆ. ಯಾವುದು ಯಾವುದೆಂದು ತಿಳಿಯಲು ಸ್ಪೂಲನ್ನು ಬೆಳಕಿಗೆ ಹಿಡಿಯಿರಿ: ಅಂಚಿನಿಂದ ಬೆಳಕು ತೂರಿಬಂದರೆ ಹೆಚ್ಚಾಗಿ ಅಸಿಟೇಟ್, ಕಪ್ಪಾಗಿ ಕಂಡರೆ ಪಾಲಿಯೆಸ್ಟರ್. ಅನುಮಾನವಿದ್ದರೆ ಓಡಿಸಲೇಬೇಡಿ. ಪರೀಕ್ಷೆಗೆಂದು ಓಡಿಸಿದ ಮೊದಲ ಸಲವೇ ಅದರ ಕೊನೆಯ ಸಲವೂ ಆಗಬಹುದು.

ಟೇಪು ಸಿಗದೆ ಚಿತ್ರದ ಪ್ರತಿ ಮಾತ್ರ ಸಿಕ್ಕಿದಾಗ ಇನ್ನೊಂದು ಬಲೆ ಕಾದಿರುತ್ತದೆ. ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ; ನಮ್ಮ ಹಳೆಯ ಟಿ.ವಿ. ಪದ್ಧತಿಯಾದ ಪಾಲ್‌ನಲ್ಲಿ 25. ಹಾಗೆಯೇ ವರ್ಗಾಯಿಸಿದ ಪ್ರತಿ ಶೇಕಡ 4ರಷ್ಟು ಬೇಗ ಓಡುತ್ತದೆ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಶ್ರುತಿ ಸುಮಾರು 71 ಸೆಂಟ್ ಮೇಲೇರುತ್ತದೆ, ಅಂದರೆ, ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ, ಅರ್ಧ ಮನೆಯ ಸುಮಾರು ಮುಕ್ಕಾಲು ಪಾಲು. ಒಂದು ಮನೆ ಶ್ರುತಿಯಲ್ಲಿ ನುಡಿಸಿದ್ದು ಒಂದಕ್ಕೂ ಅಲ್ಲದ, ಒಂದೂವರೆಗೂ ಅಲ್ಲದ ಎಡೆಯಲ್ಲಿ ನಿಲ್ಲುತ್ತದೆ. ಇಂಥ ಪ್ರತಿಯನ್ನು ಕೇಳಿ ಸ್ವರ ಬರೆದವರು ಅಂದಿನ ವಾದ್ಯಗಳ ಶ್ರುತಿಯೇ ಹಾಗಿತ್ತು ಎಂದು ತಪ್ಪು ತಿಳಿಯುತ್ತಾರೆ. ಸೆನ್ಸಾರ್ ಪ್ರಮಾಣಪತ್ರದಲ್ಲಿರುವ ಚಿತ್ರದ ಉದ್ದದೊಂದಿಗೆ ಹೋಲಿಸಿದರೆ ಗೊತ್ತಾಗಿಬಿಡುತ್ತದೆ: 35 ಎಂ.ಎಂ. ಚಿತ್ರದ ಸಾವಿರ ಅಡಿಗೆ 11 ನಿಮಿಷ 7 ಸೆಕೆಂಡು.

ಈಗ ಮಾತು ಮತ್ತು ಸಂಗೀತವನ್ನು ಬೇರ್ಪಡಿಸುವ ಎಐ ಸಾಧನಗಳಿವೆಯಲ್ಲ ಎನ್ನುತ್ತಾರೆ. ಇವೆ, ಉಪಯೋಗವೂ ಇದೆ: ಕೇಳಿ ಸ್ವರಲಿಪಿ ಬರೆದುಕೊಳ್ಳಲು ಬಹಳ ಅನುಕೂಲ. ಬಿಡುಗಡೆಗೆ ಮಾತ್ರ ಒಗ್ಗುವುದಿಲ್ಲ. ಮಾತು ಇದ್ದ ಜಾಗದಲ್ಲಿ ತಂತಿವಾದ್ಯಗಳು ನೀರೊಳಗಿಂದ ಬಂದಂತೆ ಕೇಳುತ್ತವೆ, ಶಹನಾಯಿ ಮತ್ತು ಆಲಾಪಗಳನ್ನು ಯಂತ್ರ ಮನುಷ್ಯನ ಮಾತೆಂದೇ ಭಾವಿಸಿ ಕಿತ್ತುಹಾಕುವುದೂ ಉಂಟು. ಮಾತು ಹೆಚ್ಚಾಗಿ ಕೂರುವ ನಡುಚಾನೆಲ್ ತೆಗೆಯುವ ಹಳೆಯ ಉಪಾಯ ಒಂದೇ ಚಾನೆಲ್ಲಿನ ಮೋನೋ ಚಿತ್ರಗಳಲ್ಲಿ ನಡೆಯುವುದೇ ಇಲ್ಲ. ಅಲ್ಲಿ ಇರುವುದೆಲ್ಲ ನಡುವಿನಲ್ಲೇ. ‘ಘಟಶ್ರಾದ್ಧ’ವನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದು ನಮಗೆಲ್ಲ ಹೆಮ್ಮೆ. ಚಿತ್ರಗಳಿಗೆ ಆಗುತ್ತಿರುವ ಈ ಉಪಚಾರ ಅವುಗಳ ಸಂಗೀತಕ್ಕೆ ಬೇರೆಯಾಗಿಯೂ ಸಿಗಬೇಕು.

ಎಂ.ಜಿ.ಎಂ. ಸ್ಟುಡಿಯೋ 1970ರ ಹೊತ್ತಿಗೆ ಜಾಗ ಸಾಲದೆಂದು ತನ್ನ ಸಂಗೀತ ಗ್ರಂಥಾಲಯದ ಸ್ವರಲಿಪಿಗಳನ್ನು ಕಸಕ್ಕೆ ಹಾಕಿತು. ಬ್ರಿಟನ್ನಿನ ಸಂಗೀತ ನಿರ್ವಾಹಕ ಜಾನ್ ವಿಲ್ಸನ್ ವರ್ಷಗಟ್ಟಲೆ ಕೂತು, ಧ್ವನಿಪಟ್ಟಿಗೆ ಕಿವಿಗೊಟ್ಟು ಒಂದೊಂದೇ ವಾದ್ಯದ ಸ್ವರವನ್ನು ಮತ್ತೆ ಬರೆದು, ಆ ಸಂಗೀತವನ್ನು ಕಛೇರಿಗೆ ತಂದರು. ಕನ್ನಡದಲ್ಲೂ ಹೀಗೆ ಬರೆಯಬಲ್ಲ ಕಿವಿಗಳಿವೆ. ಒಂದು ನಿಮಿಷದ ವಾದ್ಯವೃಂದಕ್ಕೆ ಹಲವು ಗಂಟೆಯ ಕೆಲಸ. ಇದಕ್ಕೆ ಸಂಬಳ ಕೊಡಬೇಕು, ಅಭಿಮಾನಕ್ಕೆ ಬಿಡಬಾರದು.

ಆಡಿಯೋ ಕಂಪನಿಗಳಿಗೆ ಒಂದೆರಡು ಮಾತು. ಈಚೆಗೆ ಕೆಲವು ಚಿತ್ರಗಳ ಬಿಜಿಎಂ (ಹಿನ್ನೆಲೆ ಸಂಗೀತದ) ಆಲ್ಬಂ ಬರುತ್ತಿರುವುದು ಸಂತೋಷ. ಆದರೆ 18 ಸೆಕೆಂಡಿನ ನಲವತ್ತು ತುಣುಕುಗಳನ್ನು ‘ಬಿಜಿಎಂ 1’, ‘ಬಿಜಿಎಂ 2’ ಎಂದು ಸಾಲಾಗಿ ಇಟ್ಟರೆ ಎರಡನೆಯ ಸಲ ಯಾರೂ ಕೇಳುವುದಿಲ್ಲ. ಒಂದೇ ಧುನ್‌ನಿಂದ ಬೆಳೆದ ತುಣುಕುಗಳನ್ನು ಗುರುತಿಸಿ, ಶ್ರುತಿ ಹೊಂದುವವನ್ನು ಜೋಡಿಸಿ, ಮೂರರಿಂದ ಆರು ನಿಮಿಷದ ಮಾಲಿಕೆ ಮಾಡಿ. ಈ ಜೋಡಣೆ ಸಂಯೋಜಕರ ಕೈಯಲ್ಲೇ ಆಗಬೇಕು, ಅದೂ ರಚನೆಯ ಭಾಗವೇ. ಚಿತ್ರಮಂದಿರದ 5.1 (ಐದು ಚಾನೆಲ್ ಮತ್ತು ಒಂದು ಸಬ್‌ವೂಫರ್) ಮಿಕ್ಸಿನಿಂದ ಸ್ಟೀರಿಯೋ ಮಾಡುವುದಾದರೆ ನಡುಚಾನೆಲನ್ನೂ ಹಿಂಬದಿಯ ಚಾನೆಲ್‌ಗಳನ್ನೂ 3 ಡೆಸಿಬೆಲ್ ತಗ್ಗಿಸಿ ಸೇರಿಸುವುದು ವಾಡಿಕೆ. ಸಬ್‌ವೂಫರಿನ ಚಾನೆಲನ್ನು ಹಾಗೇ ಸುರಿದರೆ ತಮಟೆಯೆಲ್ಲ ಗುಮ್ಮೆಂದು ಕೆಸರಾಗುತ್ತದೆ. ಜೋರಾಗಿ ಕೇಳಲೆಂದು ಸದ್ದನ್ನು ಹಿಸುಕಿ ಚಪ್ಪಟೆ ಮಾಡಬೇಡಿ. ಸ್ಟ್ರೀಮಿಂಗ್ ತಾಣಗಳು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಾವೇ ತಗ್ಗಿಸುತ್ತವೆ. ಜೋರು ಮಾಡಿದ್ದರ ಲಾಭ ಅಲ್ಲಿಗೆ ಹೋಯಿತು, ಹಿಸುಕಿದ ಗಾಯ ಮಾತ್ರ ಉಳಿಯಿತು. ತಾಣಕ್ಕೆ ಏರಿಸುವಾಗ ಸಂಯೋಜಕರ ಹೆಸರನ್ನು ಸಂಯೋಜಕರ ಅಂಕಣದಲ್ಲೂ ವಾದಕರ ಹೆಸರನ್ನು ವಾದಕರ ಅಂಕಣದಲ್ಲೂ ತುಂಬಿ, ಪ್ರತಿ ಟ್ರ್ಯಾಕಿಗೂ ಐಎಸ್‌ಆರ್‌ಸಿ ಎಂಬ ಅಂತರರಾಷ್ಟ್ರೀಯ ಗುರುತು ಸಂಖ್ಯೆ ಕೊಡಿ. ನಾಯಕನಟನ ಹೆಸರು ಕಲಾವಿದರ ಅಂಕಣದಲ್ಲಿ ಕೂತು ಸಂಯೋಜಕರದು ಖಾಲಿ ಬಿಟ್ಟರೆ, ಹೆಸರು ಹುಡುಕಿಕೊಂಡು ಬಂದ ಕೇಳುಗರಿಗೆ ಆ ಸಂಗೀತ ಸಿಗುವುದೇ ಇಲ್ಲ.

ಕಛೇರಿ ಮಾಡುವವರಿಗೆ ಬೇಕಾದ್ದು ಪೂರ್ಣ ಸ್ವರಲಿಪಿ ಮತ್ತು ವಾದಕರ ಬಿಡಿ ಹಾಳೆಗಳು. ಕೀಬೋರ್ಡಿನಲ್ಲಿ ನುಡಿಸಿದ್ದನ್ನು ಸಾಫ್ಟ್‌ವೇರ್ ನೇರವಾಗಿ ಲಿಪಿ ಮಾಡಿದರೆ ಅದು ನುಡಿಸಲು ಯೋಗ್ಯವಾಗುವುದಿಲ್ಲ: ಒಂದಿಷ್ಟು ತಡವಾಗಿ ಒತ್ತಿದ ಬೆರಳೂ ಅರವತ್ತನಾಲ್ಕನೆಯ ಭಾಗದ ವಿರಾಮವಾಗಿ ಮೂಡುತ್ತದೆ, ಕೊಳಲಿಗೆ ಉಸಿರು ತೆಗೆದುಕೊಳ್ಳಲು ಜಾಗವಿರುವುದಿಲ್ಲ. ಕೈಯಿಂದ ತಿದ್ದಬೇಕು. ಬಿ-ಫ್ಲ್ಯಾಟ್ ಕ್ಲಾರಿನೆಟ್ಟಿಗೆ ಒಂದು ಪೂರ್ಣ ಸ್ವರ, ಎಫ್ ಹಾರ್ನಿಗೆ ಸ–ಪ ಅಂತರದಷ್ಟು ಮೇಲೆ ಬರೆಯಬೇಕು. ಇದನ್ನು ಮರೆತರೆ ಮೊದಲ ರಿಹರ್ಸಲ್ ಪೂರ್ತಿ ಅದರಲ್ಲೇ ಕಳೆಯುತ್ತದೆ. ನಮ್ಮ ಕೊಳಲು, ವೀಣೆ, ನಾಗಸ್ವರದವರಿಗೆ ಸರಿಗಮದಲ್ಲಿ, ಶ್ರುತಿ ಎಷ್ಟು ಮನೆ ಎಂದು ಮೇಲೆ ಬರೆದು ಕೊಡಿ. ಗಮಕವನ್ನು ಹಾಳೆಯಲ್ಲಿ ಹಿಡಿಯಲು ಹೋಗುವುದಕ್ಕಿಂತ ಮೂಲ ಧ್ವನಿಯನ್ನೇ ಕೇಳಿಸುವುದು ಮೇಲು. ಚಿತ್ರ ತೋರಿಸುತ್ತಲೇ ನುಡಿಸುವುದಾದರೆ ಸಂಗೀತವಿಲ್ಲದ ಮಾತು-ಸದ್ದಿನ ಟ್ರ್ಯಾಕ್ ಮತ್ತು ವಾದಕರ ಕಿವಿಗೆ ಲಯ ಕೊಡುವ ಕ್ಲಿಕ್ ಟ್ರ್ಯಾಕ್ ಎರಡೂ ಬೇಕು. ಬರೀ ಸಂಗೀತದ ಸಂಜೆಗೆ ಇವು ಬೇಡ, ಶುರು ಮಾಡುವುದಕ್ಕೆ ಅದೇ ಸುಲಭ.

ಹಕ್ಕಿನ ವಿಷಯ. ಕೃತಿಸ್ವಾಮ್ಯ ಕಾಯ್ದೆಯಲ್ಲಿ 1994ರ ತಿದ್ದುಪಡಿಯ ನಂತರ ಸಂಗೀತ ಕೃತಿ ಎನ್ನಿಸಿಕೊಳ್ಳಲು ಲಿಪಿಯಲ್ಲಿ ಬರೆದಿರಬೇಕಾಗಿಲ್ಲ. 2012ರ ತಿದ್ದುಪಡಿ ಇನ್ನೂ ದೊಡ್ಡದು: ಚಿತ್ರಮಂದಿರದಲ್ಲಿ ಚಿತ್ರದೊಂದಿಗೆ ಕೇಳಿಸುವುದನ್ನು ಬಿಟ್ಟು ಬೇರೆ ಯಾವ ರೂಪದ ಬಳಕೆಯಲ್ಲೂ ರಾಯಲ್ಟಿಯ ಸಮಪಾಲು ಸಂಯೋಜಕರಿಗೆ ಸಲ್ಲಬೇಕು, ಅದನ್ನು ಬಿಟ್ಟುಕೊಡುವ ಕರಾರು ಊರ್ಜಿತವಲ್ಲ. ಇದು ಹಾಡಿಗೆ ಎಷ್ಟೋ ಹಿನ್ನೆಲೆ ಸಂಗೀತಕ್ಕೂ ಅಷ್ಟೇ. ‘ಎಲ್ಲ ಹಕ್ಕು ಶಾಶ್ವತವಾಗಿ’ ಎಂಬ ಸಾಲು ಕರಾರಿನಲ್ಲಿ ಇದ್ದ ಮಾತ್ರಕ್ಕೆ ಆ ಪಾಲು ಅಳಿಯುವುದಿಲ್ಲ. ಆದರೆ ಹಣ ಕೈಸೇರಲು ಕ್ಯೂಶೀಟ್ ಬೇಕು. ಟಿ.ವಿ.ಯಲ್ಲಿ ಚಿತ್ರ ಬಂದಾಗ ಯಾವ ತುಣುಕು ಎಷ್ಟು ಸೆಕೆಂಡು ಕೇಳಿಸಿತು ಎಂಬ ಲೆಕ್ಕ ಅಲ್ಲಿಂದಲೇ ಹೊರಡುತ್ತದೆ. ಹಾಡುಗಳನ್ನು ಮಾತ್ರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ನೋಂದಾಯಿಸಿ ಹಿನ್ನೆಲೆಯನ್ನು ಬಿಟ್ಟ ಸಂಯೋಜಕರು ತಮ್ಮ ಕೆಲಸದ ದೊಡ್ಡ ಭಾಗವನ್ನು ಲೆಕ್ಕದಿಂದ ಹೊರಗಿಟ್ಟಂತೆ. ಗೆಳೆಯರೇ, ದಯವಿಟ್ಟು ಅದನ್ನೂ ನೋಂದಾಯಿಸಿ.

ಅಕಾಡೆಮಿಗೆ ಮತ್ತು ಅದರ ಮೂಲಕ ಸರ್ಕಾರಕ್ಕೆ ನಮ್ಮ ಕೋರಿಕೆ ಇಷ್ಟು. ಕನ್ನಡ ಚಿತ್ರಗಳಿಗೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಸಹಾಯಧನ ಕೊಡುತ್ತದೆ. ಆ ಅರ್ಜಿಯ ಜತೆ ಸಲ್ಲಿಸಬೇಕಾದ ದಾಖಲೆಗಳಲ್ಲಿ ಮೂರನ್ನು ಕಡ್ಡಾಯ ಮಾಡಿ: ಸಂಯೋಜಕರ ಸ್ಟೀರಿಯೋ ಮಿಕ್ಸ್, ಬಿಡಿ ಟ್ರ್ಯಾಕ್‌ಗಳು, ವಾದಕರ ಹೆಸರುಳ್ಳ ಕ್ಯೂಶೀಟ್. ಠೇವಣಿ ಇಟ್ಟ ಮಾತ್ರಕ್ಕೆ ಹಕ್ಕು ಯಾರಿಂದಲೂ ಕೈಬಿಡುವುದಿಲ್ಲ ಎಂದು ನಿಯಮದಲ್ಲೇ ಬರೆಯಿರಿ, ಇಲ್ಲದಿದ್ದರೆ ನಿರ್ಮಾಪಕರು ಹಿಂಜರಿಯುವುದು ಸಹಜ. ಹಳೆಯ ಸ್ಪೂಲು ಇರುವವರು ತಂದುಕೊಟ್ಟರೆ ಖರ್ಚಿಲ್ಲದೆ ವರ್ಗಾಯಿಸಿ, ಮೂಲವನ್ನೂ ಒಂದು ಪ್ರತಿಯನ್ನೂ ಅವರಿಗೇ ಹಿಂದಿರುಗಿಸುವ ವ್ಯವಸ್ಥೆ ಮಾಡಿ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಒಂದು ಸಂಜೆಯನ್ನು ಹಿನ್ನೆಲೆ ಸಂಗೀತದ ಕಛೇರಿಗೆ ಮೀಸಲಿಡಿ. ಇಪ್ಪತ್ತೈದು ಮೂವತ್ತು ವಾದಕರು, ಮೂರು ಗಂಟೆಯ ಮೂರು ರಿಹರ್ಸಲ್, ಎಪ್ಪತ್ತು ನಿಮಿಷದ ಕಾರ್ಯಕ್ರಮ, ಹಾಡು ಒಂದೂ ಬೇಡ. ಮೊದಲ ವರ್ಷ ಕಾರಂತರು, ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ, ಎಲ್. ವೈದ್ಯನಾಥನ್. ಸ್ವರಲಿಪಿ ಸಿದ್ಧಪಡಿಸಲು ಆರು ತಿಂಗಳಾದರೂ ಬೇಕು, ಆದ್ದರಿಂದ ಉತ್ಸವದ ದಿನಾಂಕ ಗೊತ್ತಾಗುವವರೆಗೆ ಕಾಯದೆ ಈಗಲೇ ಕೆಲಸ ಶುರುವಾಗಬೇಕು.

ನಿರ್ಮಾಪಕರಲ್ಲಿ ಇನ್ನೊಂದು ವಿನಂತಿ. ಈ ತಿಂಗಳು ನಿಮ್ಮ ಚಿತ್ರ ಮಿಕ್ಸಿಂಗಿನಲ್ಲಿದ್ದರೆ, ಸ್ಟುಡಿಯೋದ ಕೊನೆಯ ಬಿಲ್ಲು ತೀರಿಸುವ ಮುನ್ನ ಸಂಗೀತದ ಡಿಸ್ಕ್ ಕೈಗೆ ಬಂತೇ ಎಂದು ಕೇಳಿ. ಕೈಗೆ ಬಂದ ಡಿಸ್ಕನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಮೊದಲ ತುಣುಕಿನಿಂದ ಕೊನೆಯದರವರೆಗೆ ಒಮ್ಮೆ ಪೂರ್ತಿ ಕೇಳಿ. ಕಣ್ಣು ಮುಚ್ಚಿಕೊಂಡೇ ಕೇಳಿ.

ಇಂತಿ,
ಕನ್ನಡ ಚಿತ್ರಸಂಗೀತದ ಸಂಯೋಜನೆ, ವಾದನ ಮತ್ತು ಧ್ವನಿಮುದ್ರಣದ ಕೆಲಸ ಬಲ್ಲ ಕೆಲವರು